ಕೊಂಡ ಮೇಲೆ ಬೆಲೆ ಇಳಿದರೆ

ಮಗನ ಹುಟ್ಟುಹಬ್ಬಕ್ಕೆಂದು ತಿಂಗಳುಗಟ್ಟಲೆ ಹಣ ಕೂಡಿಟ್ಟು ಕೊಂಡ ಗೇಮ್ ಕನ್ಸೋಲ್‌ನ ಬೆಲೆ ಐದೇ ವಾರದಲ್ಲಿ ಇಳಿಯಿತು, ಮನೆಯವರು ‘ಅಷ್ಟು ಅವಸರ ಏನಿತ್ತು?’ ಎಂದರು ಎಂದು ಬರೆದಿದ್ದೀರಿ. ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ತಪ್ಪು ನಿಮ್ಮದಲ್ಲ.

ಇಂಥದ್ದು ಹಿಂದೆಯೂ ಆಗಿದೆ. 2011ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ 25,000 ಯೆನ್‌ಗೆ ಬಂದ ನಿಂಟೆಂಡೊ ಕಂಪನಿಯ 3ಡಿಎಸ್ ಎಂಬ ಗೇಮ್ ಯಂತ್ರ, ಆಗಸ್ಟ್‌ನಲ್ಲಿ 15,000ಕ್ಕೆ ಇಳಿಯಿತು. ಅಮೆರಿಕದಲ್ಲಿ 250 ಡಾಲರ್ ಇದ್ದದ್ದು 170 ಆಯಿತು. ಆಡಲು ಒಳ್ಳೆಯ ಹೊಸ ಆಟಗಳೇ ಸಾಲದೆ ಮಾರಾಟ ಕುಂಟಿತ್ತು. ಕಂಪನಿಯ ಆಗಿನ ಅಧ್ಯಕ್ಷ ಸತೋರು ಇವಾತಾ ತಮ್ಮ ಸಂಬಳವನ್ನೇ ಅರ್ಧಕ್ಕೆ ಇಳಿಸಿಕೊಂಡರು. ಮೊದಲೇ ಕೊಂಡವರಿಗೆ 20 ಹಳೆಯ ಆಟಗಳನ್ನು ಉಚಿತವಾಗಿ ಕೊಟ್ಟರು. ಗ್ರಾಹಕರ ನಂಬಿಕೆ ಉಳಿಸಿಕೊಳ್ಳುವುದೆಂದರೆ ಹೀಗೆ, ಎಂದು ನನಗೆ ಇಂದಿಗೂ ಅನಿಸುತ್ತದೆ. ಬೆಲೆ ಇಳಿದ ಮಾತ್ರಕ್ಕೆ ಆ ಯಂತ್ರ ಮೂಲೆಗೂ ಸೇರಲಿಲ್ಲ. ವರ್ಷದ ಕೊನೆಗೆ ಮಾರಿಯೊ ಆಟಗಳು ಬಂದವು, ಮುಂದೆ ಅದರ ಎಲ್ಲ ಮಾದರಿಗಳೂ ಸೇರಿ ಏಳೂವರೆ ಕೋಟಿಗೂ ಹೆಚ್ಚು ಮಾರಾಟವಾದವು.

ಈಗ ನಿಮ್ಮ ವಿಷಯ. ಬಿಲ್ ಹುಡುಕಿ. ಕೆಲವು ಅಂಗಡಿಗಳು ನಿಗದಿತ ದಿನಗಳೊಳಗೆ ಬೆಲೆ ಇಳಿದರೆ ವ್ಯತ್ಯಾಸದ ಹಣ ಮರಳಿಸುತ್ತವೆ. ಅವಧಿ ಮುಗಿದಿದ್ದರೂ ಸಂಕೋಚಪಡದೆ ಕೇಳಿ, ಒಂದು ಆಟವನ್ನಾದರೂ ರಿಯಾಯಿತಿಯಲ್ಲಿ ಕೊಡಬಹುದು. ಕಂಪನಿಗೂ ಬರೆಯಿರಿ. ಮುಂದಿನ ಸಲ ಯಂತ್ರಕ್ಕಿಂತ ಮೊದಲು ಅದಕ್ಕೆ ಬಂದಿರುವ ಆಟಗಳ ಪಟ್ಟಿ ನೋಡಿ. ಪಟ್ಟಿ ತೆಳುವಾಗಿದ್ದರೆ ಆರು ತಿಂಗಳು ಕಾಯಿರಿ.

ಇನ್ನೊಂದು ಮಾತು: ಈ ಬೆಲೆಯ ಜಗಳ ದಯವಿಟ್ಟು ಮಗನ ಕಿವಿಗೆ ಬೀಳದಿರಲಿ.