ಐದನೇ ಶೀಲಕ್ಕೆ ಬಾಯಿ ಮುಚ್ಚುವವರು

 

ಇವತ್ತಿನ ಅಧ್ಯಯನಕ್ಕೆ ವಿನಯಪಿಟಕದ ಒಂದು ಪ್ರಸಂಗ. ಸಾಗತ ಎಂಬ ಭಿಕ್ಕು ಭಯಂಕರವಾದ ನಾಗವೊಂದನ್ನು ಅಡಗಿಸಿ ಹೆಸರು ಮಾಡಿದ್ದರು. ಕೋಸಂಬಿಯ ಜನ ಅಭಿಮಾನದಿಂದ ಮನೆಮನೆಯಲ್ಲೂ ಅವರಿಗೆ ಮದ್ಯ ಸಿದ್ಧ ಮಾಡಿಟ್ಟರು. ಭಿಕ್ಷೆಗೆ ಹೋದವರು ಹೋದ ಕಡೆಯಲ್ಲೆಲ್ಲ ಕುಡಿದು, ಊರ ಬಾಗಿಲಲ್ಲಿ ಬಿದ್ದುಬಿಟ್ಟರು. ಆ ದಾರಿಯಲ್ಲಿ ಬಂದ ಭಗವಾನ್ ಬುದ್ಧರು ಮೊದಲು ಹೇಳಿದ ಮಾತು, ಅವರನ್ನು ಎತ್ತಿಕೊಳ್ಳಿ ಎಂದು. ಆರಾಮಕ್ಕೆ ಹೊತ್ತು ತಂದು, ತಲೆ ಬುದ್ಧರ ಕಡೆಗೆ ಇರುವಂತೆ ಮಲಗಿಸಿದರು. ಅಮಲಿನಲ್ಲಿ ಅವರು ಹೊರಳಿ ಬುದ್ಧರ ಕಡೆಗೇ ಕಾಲು ಚಾಚಿದರು. ಭಿಕ್ಕುಗಳು ಮದ್ಯ ಕುಡಿಯಬಾರದೆಂಬ ನಿಯಮ ಬಂದದ್ದು ಇದಾದ ಮೇಲೆ.

ಎತ್ತಿದ್ದು ಮೊದಲು, ನಿಯಮ ಆಮೇಲೆ. ನಮ್ಮಲ್ಲಿ ಇದು ತಿರುಗುಮುರುಗಾಗಿದೆ ಎಂದು ನನಗೆ ಅನ್ನಿಸುತ್ತದೆ.

ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುವ ಅಣ್ಣ ಒಬ್ಬರು ವಂದನೆಗೆ ಬರುವುದನ್ನೇ ಬಿಟ್ಟಿದ್ದರು. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಯಾರು ಅಂತ ದಯವಿಟ್ಟು ಊಹಿಸಲು ಹೋಗಬೇಡಿ.) ಯಾಕಣ್ಣ ಬರ್ತಿಲ್ಲ ಎಂದು ಕೇಳಿದ್ದಕ್ಕೆ, "ಮೇಷ್ಟ್ರೇ, ಪಂಚಶೀಲ ಹೇಳುವಾಗ ನಾಲ್ಕರ ತನಕ ಹೇಳ್ತೀನಿ, ಐದನೇದಕ್ಕೆ ಬಾಯಿ ಮುಚ್ಕೋತೀನಿ. ಬಾಬಾಸಾಹೇಬರ ಫೋಟೋ ಎದುರಿಗೆ ಸುಳ್ಳು ಹೇಳಕ್ಕಾಗಲ್ಲ" ಎಂದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲೂ ಮದ್ಯ ಸೇವಿಸೆನು ಎಂಬುದಿದೆ. ಆ ಮಾತಿಗೆ ಇಷ್ಟು ಬೆಲೆ ಕೊಡುವ ಮನುಷ್ಯ ಅದೇ ಮಾತಿನಿಂದಾಗಿ ದೂರವಾಗಿದ್ದ.

ಕನ್ನಡ ಮೇಷ್ಟ್ರಾಗಿ ಒಂದು ಮಾತು ಸೇರಿಸುತ್ತೇನೆ. ಶೀಲಗಳನ್ನು ಪಾಲಿಯಲ್ಲಿ 'ಸಿಕ್ಖಾಪದ' ಎನ್ನುತ್ತಾರೆ. ಸಿಕ್ಖಾ ಎಂದರೆ ಸಂಸ್ಕೃತದ ಶಿಕ್ಷಾ, ಅಂದರೆ ಕಲಿಕೆ. ಕನ್ನಡಕ್ಕೆ ಬರುವಾಗ ಅದೇ ಪದ 'ಶಿಕ್ಷೆ' ಆಗಿ ದಂಡನೆಯ ಅರ್ಥ ಪಡೆಯಿತು. ಅಣ್ಣನ ಕಿವಿಗೆ ಬೀಳುತ್ತಿದ್ದುದು ಈ ಎರಡನೇ ಅರ್ಥ.

ಬಿಡಬೇಕು ಎಂದು ಅವರು ನಿರ್ಧರಿಸಿದಾಗ ಮೊದಲು ಹೋಗಿದ್ದು ವೈದ್ಯರ ಹತ್ತಿರ. ಇದನ್ನು ಒತ್ತಿ ಹೇಳುತ್ತೇನೆ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತದೆ; ಕೆಲವರಿಗೆ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಭ್ರಮೆ ಹಿಡಿದು ಜೀವಕ್ಕೇ ಅಪಾಯವಾಗಬಹುದು. "ಮನಸ್ಸು ಗಟ್ಟಿ ಮಾಡ್ಕೊಂಡು ಬಿಟ್ಬಿಡು" ಎನ್ನುವ ಉಪದೇಶ ಇಂಥವರಿಗೆ ಸಾಲದು, ಅಪಾಯವೂ ಹೌದು. ನಮ್ಮ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446.

ಔಷಧಿಯಿಂದ ಮೈ ಸುಧಾರಿಸಿತು. ಆದರೆ ಶಿಫ್ಟ್ ಮುಗಿಸಿ ಬರುವ ದಾರಿಯ ವೈನ್ ಶಾಪ್ ಅಲ್ಲೇ ಇತ್ತಲ್ಲ. ವೈದ್ಯರು ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಹೋಗಿ ಎಂದರು. ಎ.ಎ. ಎಂದು ಕರೆಯುವ ಈ ಬಳಗ ಶುರುವಾದದ್ದು 1935ರಲ್ಲಿ, ಅಮೆರಿಕದ ಏಕ್ರನ್ ಊರಿನಲ್ಲಿ. ಕುಡಿತ ಬಿಟ್ಟಿದ್ದ ಷೇರು ವ್ಯವಹಾರದ ಬಿಲ್ ವಿಲ್ಸನ್‌ಗೆ ಪರಊರಿನಲ್ಲಿ ಮತ್ತೆ ಕುಡಿಯುವ ಆಸೆ ಕಾಡಿತು. ಮಾತನಾಡಲು ಇನ್ನೊಬ್ಬ ಕುಡುಕನನ್ನು ಹುಡುಕುತ್ತ ಹೋಗಿ ಡಾಕ್ಟರ್ ಬಾಬ್ ಎಂಬ ಶಸ್ತ್ರವೈದ್ಯನನ್ನು ಕಂಡ. ಅಲ್ಲಿಂದ ಬೆಳೆದದ್ದು ಇದು. ಶುಲ್ಕವಿಲ್ಲ, ಜಾತಿ ಕೇಳುವುದಿಲ್ಲ, ಪೂರ್ತಿ ಹೆಸರೂ ಬೇಡ. ಬಿಡಬೇಕೆಂಬ ಆಸೆಯಿದ್ದರೆ ಸಾಕು.

ಅಣ್ಣ ಒಬ್ಬರೇ ಹೋಗಲು ಅಳುಕಿದರು. ಕುಡಿಯದವರೂ ಕೂರಬಹುದಾದ 'ಓಪನ್ ಮೀಟಿಂಗ್' ಇರುತ್ತದೆ, ಅದಕ್ಕೆ ನಾನೂ ಜೊತೆಗೆ ಹೋದೆ. ಪ್ಲಾಸ್ಟಿಕ್ ಕುರ್ಚಿ, ಟೀ. ಒಬ್ಬರು ಎದ್ದು ತಮ್ಮ ಕಥೆ ಹೇಳುತ್ತಾರೆ, ಮಿಕ್ಕವರು ಮಧ್ಯೆ ಬಾಯಿ ಹಾಕದೆ ಕೇಳುತ್ತಾರೆ. ಯಾರೂ ಬುದ್ಧಿ ಹೇಳುವುದಿಲ್ಲ; ಮೇಷ್ಟ್ರಿಗೆ ಅದು ಸ್ವಲ್ಪ ಕಷ್ಟವೇ. ಅಲ್ಲಿ ಕೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಕೊನೆಯಲ್ಲಿ ದೇವರನ್ನು ನೆನೆಯುವ ಪ್ರಾರ್ಥನೆ ಬಂತು. ಅಣ್ಣ ನನ್ನ ಮುಖ ನೋಡಿದರು. ನಮ್ಮವರಿಗೆ ಇದು ನಿಜವಾದ ತೊಡಕು, ತಳ್ಳಿಹಾಕುವಂಥದ್ದಲ್ಲ. ಎ.ಎ.ಯ 12 ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ. ಆದರೆ ಅವರವರು ತಿಳಿದುಕೊಂಡ ಹಾಗೆ ಎಂಬ ಸಡಿಲಿಕೆಯೂ ಅದರಲ್ಲೇ ಇದೆ. ದೇವರನ್ನು ನಂಬದವರು ತಮ್ಮ ಗುಂಪನ್ನೇ ತಮಗಿಂತ ದೊಡ್ಡ ಶಕ್ತಿ ಎಂದು ಭಾವಿಸಬಹುದು ಎಂದು ಅವರ ಪುಸ್ತಕಗಳೇ ಹೇಳುತ್ತವೆ. ಸಂಘಕ್ಕೆ ಶರಣು ಹೋದವರಿಗೆ ಇದು ಹೊಸದೇನಲ್ಲ. ಅಣ್ಣ ಪ್ರಾರ್ಥನೆಯ ಹೊತ್ತು ಸುಮ್ಮನೆ ನಿಂತಿರುತ್ತಾರೆ, ಯಾರೂ ಏನೂ ಅಂದಿಲ್ಲ. ಬುದ್ಧರ ಬೋಧನೆಯನ್ನೇ ಆಧಾರ ಮಾಡಿಕೊಂಡ 'ರಿಕವರಿ ಧರ್ಮ' ಎಂಬ ಬಳಗವೂ 2019ರಿಂದ ಇದೆ. ಇಂಗ್ಲಿಷ್ ಬಲ್ಲವರು ಅದರ ಆನ್‌ಲೈನ್ ಸಭೆ ನೋಡಬಹುದು.

ನಡುವೆ ಒಂದು ಸಲ, ಮದುವೆಯೊಂದರಲ್ಲಿ, ಅಣ್ಣ ಮತ್ತೆ ಕುಡಿದರು. ಮಾರನೆಯ ವಾರ ಸಭೆಗೆ ಹೋಗಿ ಅದನ್ನೇ ಹೇಳಿದರಂತೆ. ಅವರಿಗೆ ಕುರ್ಚಿ ಸಿಕ್ಕಿತು, ಟೀ ಸಿಕ್ಕಿತು. ಅತ್ತಿಗೆ ಈಗ ಮನೆಯವರಿಗಾಗಿಯೇ ಇರುವ ಅಲ್-ಅನಾನ್ ಸಭೆಯ ಬಗ್ಗೆ ವಿಚಾರಿಸುತ್ತಿದ್ದಾರೆ.

ಭಾನುವಾರದ ವಂದನೆಗೆ ಅಣ್ಣ ಬರತೊಡಗಿದ್ದಾರೆ. ನಮ್ಮಲ್ಲಿ ಇನ್ನೂ ಯಾರಿಗಾದರೂ ಸಭೆಗೆ ಜೊತೆ ಬೇಕಿದ್ದರೆ, ನಿಮಗಾಗಲಿ ಮನೆಯವರಿಗಾಗಲಿ, ನನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿ. ಈ ಗುಂಪಿನಲ್ಲಿ ಹಾಕಬೇಡಿ. ಶಾಲೆ ಬಿಟ್ಟ ಮೇಲೆ ಬರುತ್ತೇನೆ.

ಜೈ ಭೀಮ್.