ಅಗ್ಗದ ಗಣಕದ ಪಾಠಾಂತರಗಳು

ಹಳಗನ್ನಡದ ಕಾವ್ಯವೊಂದನ್ನು ಅಚ್ಚಿಗೆ ಅಣಿಗೊಳಿಸುವ ಸಂಪಾದಕನು ಮೊಟ್ಟಮೊದಲು ಮಾಡುವ ಕೆಲಸವೇನೆಂಬುದು ನಮ್ಮ ಕನ್ನಡ ವಿಭಾಗದ ವಿದ್ಯಾರ್ಥಿಗಳಿಗೆ ಗೊತ್ತೇ ಇದೆ. ಆ ಕಾವ್ಯದ ಓಲೆಗರಿಯ ಪ್ರತಿಗಳನ್ನು ಆದಷ್ಟೂ ಕೂಡಿಹಾಕಿ, ಅವುಗಳಿಗೆ ಕ, ಖ, ಗ ಎಂದು ಗುರುತು ಕೊಟ್ಟು, ಯಾವ ಪ್ರತಿಯಲ್ಲಿ ಯಾವ ಪಾಠ ಇದೆಯೆಂಬುದನ್ನು ಪುಟದ ಅಡಿಯಲ್ಲಿ ಬರೆದಿಡುತ್ತಾನೆ. ಕಾವ್ಯದ ಹೆಸರು ಒಂದೇ ಆದ ಮಾತ್ರಕ್ಕೆ ಒಳಗಿನ ಅಕ್ಷರಗಳೆಲ್ಲವೂ ಒಂದೇ ಎಂದು ಅವನು ನಂಬುವುದಿಲ್ಲ.

ಈ ಎಚ್ಚರಿಕೆಯು ಓಲೆಗರಿಗೆ ಮಾತ್ರ ಬೇಕಾದುದಲ್ಲ. ವಿದ್ಯಾರ್ಥಿಯು ತನ್ನ ಜೇಬಿನ ಹಣದಿಂದ ಕೊಳ್ಳಬಹುದಾದ, ಹೆಬ್ಬೆಟ್ಟಿನಷ್ಟು ಅಗಲದ ಗಣಕಗಳು ಇಂದು ದೊರೆಯುತ್ತಿವೆ. ಅವುಗಳ ಕೈಪಿಡಿಯನ್ನು ಓದುವುದಕ್ಕೂ ಇದೇ ಎಚ್ಚರ ಬೇಕು. ಕಲಾ ಕಾಲೇಜಿನ ಸಂಚಿಕೆಯಲ್ಲಿ ಈ ವಿಷಯವನ್ನು ಎತ್ತಿಕೊಳ್ಳಲು ಇದೇ ಕಾರಣ.

ರಿಸ್ಕ್-ಫೈವ್ ಎಂದರೇನು?

ಪ್ರತಿಯೊಂದು ಗಣಕದ ಚಿಪ್ಪಿಗೂ ತನ್ನದೇ ಆದ ಆಜ್ಞಾಭಾಷೆ ಉಂಟು. ‘ಇದನ್ನು ಕೂಡು’, ‘ಅದನ್ನು ಅಲ್ಲಿಂದ ತೆಗೆದುಕೊ’ ಎಂಬ ಆಜ್ಞೆಗಳನ್ನು ಯಾವ ಸಂಖ್ಯೆಗಳಿಂದ ಸೂಚಿಸಬೇಕೆಂಬ ಕಟ್ಟಳೆಯೇ ಆ ಭಾಷೆ. ನಮ್ಮ ಮೊಬೈಲುಗಳಲ್ಲಿರುವ ಆರ್ಮ್ ಭಾಷೆಗೆ ಒಡೆಯರಿದ್ದಾರೆ. ಅದನ್ನು ಬಳಸಿ ಚಿಪ್ಪು ಮಾಡುವವರು ಹಣ ತೆತ್ತು ಅನುಮತಿ ಪಡೆಯಬೇಕು. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಕ್ರಸ್ತೆ ಅಸನೊವಿಚ್, ಅವರ ಶಿಷ್ಯರಾದ ಆಂಡ್ರ್ಯೂ ವಾಟರ್‌ಮನ್ ಮತ್ತು ಯುನ್‌ಸಪ್ ಲೀ, ಜೊತೆಗೆ ಡೇವಿಡ್ ಪ್ಯಾಟರ್ಸನ್ ಇವರು ಯಾರು ಬೇಕಾದರೂ ಬಳಸಬಹುದಾದ ಹೊಸ ಭಾಷೆಯೊಂದನ್ನು ಕಟ್ಟತೊಡಗಿದರು. ಅದೇ ರಿಸ್ಕ್-ಫೈವ್. ಮದ್ರಾಸಿನ ಐ.ಐ.ಟಿ.ಯವರ ‘ಶಕ್ತಿ’ ಚಿಪ್ಪುಗಳೂ ಇದೇ ಭಾಷೆಯವು.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಎಲ್ಲರಿಗೂ ತೆರೆದಿರುವುದು ವ್ಯಾಕರಣ. ವ್ಯಾಕರಣ ಓದಿದ ಮಾತ್ರಕ್ಕೆ ಕಾವ್ಯದ ಕಥೆ ತಿಳಿಯುವುದಿಲ್ಲ. ಒಂದು ಫಲಕದ ಮೇಲೆ ಎಷ್ಟು ಮೆಮೊರಿ ಇದೆ, ಯಾವ ಕಾಲಿಗೆ ಯಾವ ತಂತಿ ಸೇರಿದೆ, ದೀಪ ಎಲ್ಲಿದೆ ಎಂಬ ಸಂಗತಿಗಳು ರಿಸ್ಕ್-ಫೈವ್ ಗ್ರಂಥದಲ್ಲಿ ಇಲ್ಲ. ಅವನ್ನು ಆಯಾ ಫಲಕದ ಕೈಪಿಡಿಯಿಂದಲೇ ತಿಳಿಯಬೇಕು.

ಒಂದೇ ಮನೆಯ ಮೂವರು

ಉದಾಹರಣೆಗೆ ಚೀನಾ ದೇಶದ ಷೆನ್‌ಜೆನ್ ನಗರದ ಮಿಲ್ಕ್-ವಿ ಸಂಸ್ಥೆಯವರ ‘ಡುವೊ’ ಎಂಬ ಗಣಕವನ್ನು ತೆಗೆದುಕೊಳ್ಳೋಣ. ಇದು 2023ರಲ್ಲಿ ಹೊರಬಂದಿತು. ಉದ್ದ 51 ಮಿಲಿಮೀಟರು, ಅಗಲ 21. ಇದರಲ್ಲಿರುವುದು ಸಿವಿ1800ಬಿ ಎಂಬ ಚಿಪ್ಪು, 64 ಮೆಗಾಬೈಟು ಮೆಮೊರಿ. ಅನಂತರ ಬಂದ ತಮ್ಮನು ‘ಡುವೊ 256ಎಂ’. ಆಕಾರ, ಅಳತೆ ಅಣ್ಣನವೇ. ಚಿಪ್ಪು ಮಾತ್ರ ಎಸ್‌ಜಿ2002, ಮೆಮೊರಿ 256 ಮೆಗಾಬೈಟು. ಮೂರನೆಯವನು ‘ಡುವೊ ಎಸ್’. 43 ಮಿಲಿಮೀಟರಿನ ಚೌಕಾಕಾರ, ಎಸ್‌ಜಿ2000 ಚಿಪ್ಪು, 512 ಮೆಗಾಬೈಟು.

ಹಿರಿದಾದುದು ಎಲ್ಲದರಲ್ಲಿಯೂ ಹಿರಿದೆಂದು ತಿಳಿಯುವಂತಿಲ್ಲ. ಚಿತ್ರಗಳನ್ನು ಗುರುತಿಸುವಂತಹ ಲೆಕ್ಕಗಳಿಗಾಗಿ ಈ ಚಿಪ್ಪುಗಳಲ್ಲಿ ಪ್ರತ್ಯೇಕವಾದ ಭಾಗವೊಂದಿದೆ. 512 ಮೆಗಾಬೈಟಿನ ಡುವೊ ಎಸ್‌ನಲ್ಲಿ ಅದರ ವೇಗ ಸೆಕೆಂಡಿಗೆ ಅರ್ಧ ಲಕ್ಷಕೋಟಿ ಲೆಕ್ಕ. 256 ಮೆಗಾಬೈಟಿನ ತಮ್ಮನಲ್ಲಿ ಪೂರ್ತಿ ಒಂದು ಲಕ್ಷಕೋಟಿ. ಹೆಸರಿನ ತೊಡಕೂ ಉಂಟು. ತಯಾರಕರು ಒದಗಿಸಿದ ಮೂಲ ಸಾಮಗ್ರಿಯಲ್ಲಿ 256ಎಂ ಫಲಕಕ್ಕೆ ಸಿವಿ1812ಸಿಪಿ ಎಂಬ ಬೇರೆ ಹೆಸರು ಕಾಣಸಿಗುತ್ತದೆ. ಚಿಪ್ಪಿನ ಮೇಲೆ ಒಂದು, ಕಡತದಲ್ಲಿ ಇನ್ನೊಂದು!

ದೀಪದ ಪಾಠ

ಇಂತಹ ಗಣಕವನ್ನು ಕೊಂಡವರು ಮಾಡುವ ಮೊದಲ ಅಭ್ಯಾಸ, ಫಲಕದ ಮೇಲಿನ ಪುಟ್ಟ ದೀಪವನ್ನು ಮಿನುಗಿಸುವುದು. ಲಿನಕ್ಸಿನಲ್ಲಿ ಪ್ರತಿಯೊಂದು ಕಾಲಿಗೂ ಒಂದು ಸಂಖ್ಯೆ ಇರುತ್ತದೆ. ತಯಾರಕರು ಕೊಟ್ಟ ಲಿನಕ್ಸ್ 5.10ರಲ್ಲಿ ಡುವೊವಿನ ದೀಪದ ಸಂಖ್ಯೆ 440. ಈ ಸಂಖ್ಯೆ ಆಕಾಶದಿಂದ ಬಿದ್ದುದಲ್ಲ. ಚಿಪ್ಪಿನ ಕಾಲುಗಳನ್ನು ಗುಂಪುಗಳಾಗಿ ವಿಂಗಡಿಸಿದ್ದಾರೆ. ‘ಸಿ’ ಗುಂಪು 416ರಿಂದ ಆರಂಭವಾಗುತ್ತದೆ. ದೀಪವು ಆ ಗುಂಪಿನ 24ರಲ್ಲಿದೆ. 416ಕ್ಕೆ 24 ಕೂಡಿದರೆ 440. ಡುವೊ 256ಎಂನಲ್ಲಿ ದೀಪವು ಬೇರೊಂದು ಗುಂಪಿಗೆ ಸೇರಿದ್ದರಿಂದ ಅದರ ಸಂಖ್ಯೆ 354. ಡುವೊ ಎಸ್‌ನಲ್ಲಿ 509.

ಈಗ ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ಹಳ್ಳಿಯಿಂದ ಬಂದು ವಿದ್ಯಾರ್ಥಿನಿಲಯದಲ್ಲಿರುವ ಹುಡುಗಿಯೊಬ್ಬಳು ಹಣ ಕೂಡಿಸಿ 256ಎಂ ಫಲಕವನ್ನು ತರಿಸಿದ್ದಾಳೆ. ಮನೆಯಲ್ಲಿ ಕಾಲೇಜು ಕಂಡವಳು ಅವಳೇ ಮೊದಲಿಗಳು. ಕೇಳಿ ತಿಳಿಯೋಣವೆಂದರೆ ಹತ್ತಿರ ಯಾರೂ ಇಲ್ಲ. ಅವಳಿಗೆ ಸಿಕ್ಕಿದ ಪಾಠದಲ್ಲಿ ‘ಡುವೊವಿನ ದೀಪ 440’ ಎಂದು ಬರೆದಿದೆ. ಅವಳು ಅಕ್ಷರ ತಪ್ಪದೆ ಹಾಗೆಯೇ ಬರೆಯುತ್ತಾಳೆ. ದೀಪ ಮಿನುಗುವುದಿಲ್ಲ. ರಾತ್ರಿ ಹನ್ನೊಂದರವರೆಗೆ ಹೆಣಗಿ, ‘ಇದು ನನ್ನಂಥವರಿಗೆ ಆಗುವ ವಿದ್ಯೆಯಲ್ಲ’ ಎಂದು ಫಲಕವನ್ನು ಪೆಟ್ಟಿಗೆಯಲ್ಲಿಟ್ಟುಬಿಡುತ್ತಾಳೆ. ತಪ್ಪು ಅವಳ ಬುದ್ಧಿಯದಲ್ಲ. ಅವಳ ಕೈಯಲ್ಲಿದ್ದುದು ‘ಖ’ ಪ್ರತಿ, ಓದಿದ್ದು ‘ಕ’ ಪ್ರತಿಯ ಪಾಠ. ಪಾಠ ಬರೆದವರು ಸುಳ್ಳು ಬರೆದಿರಲಿಲ್ಲ; ಯಾವ ಪ್ರತಿಯೆಂಬುದನ್ನು ಬರೆದಿರಲಿಲ್ಲ, ಅಷ್ಟೆ. ಆ ಒಂದು ಪದದ ಕೊರತೆಗಾಗಿ ಒಬ್ಬ ವಿದ್ಯಾರ್ಥಿನಿಯ ಉತ್ಸಾಹ ಆರಿಹೋಯಿತು.

ಎರಡೂ ನಿಜ

ಪ್ರತಿ ಸರಿಯಾಗಿದ್ದಾಗಲೂ ಕೈಪಿಡಿಯ ಮಾತಿಗೂ ಗಣಕದ ಮಾತಿಗೂ ಹೊಂದಿಕೆಯಾಗದೆ ಇರುವುದುಂಟು. ಮೊದಲನೆಯ ಡುವೊವಿನಲ್ಲಿ 64 ಮೆಗಾಬೈಟು ಮೆಮೊರಿ ಎಂದು ಹೇಳಿದೆವಷ್ಟೆ. ತಯಾರಕರು ಮೊದಮೊದಲು ಕೊಟ್ಟ ಲಿನಕ್ಸನ್ನು ಅದರಲ್ಲಿ ಹಾಕಿ, ‘ಫ್ರೀ’ ಎಂಬ ಆಜ್ಞೆಯಿಂದ ಕೇಳಿದರೆ ಸುಮಾರು 28 ಎಂಬ ಉತ್ತರ ಬರುತ್ತದೆ. ಅಂಗಡಿಯವನು ಮೋಸ ಮಾಡಿದನೆ? ಇಲ್ಲ. ಕ್ಯಾಮೆರಾದ ಚಿತ್ರಗಳನ್ನು ಸಂಸ್ಕರಿಸುವುದಕ್ಕಾಗಿ 26.8 ಮೆಗಾಬೈಟನ್ನು ಮೊದಲೇ ತೆಗೆದು ಬೇರೆ ಇಟ್ಟಿದ್ದಾರೆ. ಕ್ಯಾಮೆರಾ ಬೇಡವೆಂದು ಆ ಮೀಸಲನ್ನು ಸೊನ್ನೆ ಮಾಡಿ ಲಿನಕ್ಸನ್ನು ಮತ್ತೆ ಕಟ್ಟಿಕೊಂಡರೆ, ಅದೇ ಗಣಕ ಸುಮಾರು 55 ಎಂದು ಹೇಳುತ್ತದೆ. 28ಕ್ಕೆ 26.8 ಕೂಡಿ ನೋಡಿ, ಲೆಕ್ಕ ಸರಿಹೋಗುತ್ತದೆ. ಉಳಿದ ಒಂಬತ್ತರಷ್ಟು ಲಿನಕ್ಸಿನ ಸ್ವಂತ ಖರ್ಚಿಗೂ ಚಿಪ್ಪಿನ ಇತರ ಕೆಲಸಗಳಿಗೂ ಸಲ್ಲುತ್ತದೆ. ಅಪ್ಪನ ಸಂಬಳ ಒಂದು, ಮನೆಗೆ ಬಂದು ಸೇರುವ ಹಣ ಇನ್ನೊಂದು ಎಂಬುದು ನಮಗೇನೂ ಹೊಸತಲ್ಲ.

ಎರಡನೆಯದು ಸಂಸ್ಕಾರಕಗಳ ಲೆಕ್ಕ. ಡುವೊವಿನಲ್ಲಿ ರಿಸ್ಕ್-ಫೈವ್ ಸಂಸ್ಕಾರಕಗಳು ಎರಡು: ಒಂದು ಸೆಕೆಂಡಿಗೆ 100 ಕೋಟಿ ಮಿಡಿತದ್ದು, ಇನ್ನೊಂದು 70 ಕೋಟಿಯದು. ಆದರೆ ಲಿನಕ್ಸನ್ನು ಕೇಳಿದರೆ ಒಂದನ್ನೇ ತೋರಿಸುತ್ತದೆ. ಏಕೆಂದರೆ ದೊಡ್ಡದು ಮಾತ್ರ ಲಿನಕ್ಸಿಗೆ. ಚಿಕ್ಕದರ ಮೇಲೆ ‘ಫ್ರೀಆರ್‌ಟಿಒಎಸ್’ ಎಂಬ ಬೇರೆ ವ್ಯವಸ್ಥೆಯು ನಡೆಯುತ್ತದೆ. ಎಸ್‌ಜಿ2002 ಮತ್ತು ಎಸ್‌ಜಿ2000 ಚಿಪ್ಪುಗಳಲ್ಲಿ ಇನ್ನೂ ಸ್ವಾರಸ್ಯವಿದೆ. ಅವುಗಳಲ್ಲಿ ಒಂದು ಆರ್ಮ್ ಸಂಸ್ಕಾರಕವೂ ಇದೆ; 1980ರಲ್ಲಿ ಇಂಟೆಲ್ ಹೊರತಂದ 8051ರ ವಂಶದ ಪುಟ್ಟ ಸಂಸ್ಕಾರಕವೂ ಇದೆ. ಆದರೆ ಆರ್ಮ್ ಮತ್ತು ದೊಡ್ಡ ರಿಸ್ಕ್-ಫೈವ್ ಎರಡೂ ಒಟ್ಟಿಗೆ ಎದ್ದಿರುವುದಿಲ್ಲ. ಗಣಕ ಏಳುವಾಗಲೇ ಯಾವುದಾದರೊಂದನ್ನು ಆರಿಸಬೇಕು. ಡುವೊ ಎಸ್‌ನಲ್ಲಿ ಅದಕ್ಕೊಂದು ಪುಟ್ಟ ಸ್ವಿಚ್ಚನ್ನೇ ಇಟ್ಟಿದ್ದಾರೆ. ಒಂದು ಭಾಷೆಗಾಗಿ ಸಿದ್ಧಪಡಿಸಿದ ಪ್ರೋಗ್ರಾಮು ಇನ್ನೊಂದರಲ್ಲಿ ಓಡದು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಒಂದೇ ಆಜ್ಞೆಯಿಂದ ಸಂಖ್ಯೆಗಳ ಇಡೀ ಸಾಲಿಗೆ ಲೆಕ್ಕ ಮಾಡುವ ‘ವೆಕ್ಟರ್’ ಆಜ್ಞೆಗಳು ರಿಸ್ಕ್-ಫೈವ್‌ನಲ್ಲಿ ಉಂಟು. ಅವುಗಳ 1.0 ಎಂಬ ಅಂತಿಮ ಪಾಠವನ್ನು 2021ರಲ್ಲಿ ಅಂಗೀಕರಿಸಿದರು. ಡುವೊ ಮನೆತನದ ದೊಡ್ಡ ಸಂಸ್ಕಾರಕದ ಹೆಸರು ಸಿ906. ಆಲಿಬಾಬಾ ಸಂಸ್ಥೆಯ ಶಾಖೆಯಾದ ಟಿ-ಹೆಡ್‌ನವರು ಅದನ್ನು ರಚಿಸಿದಾಗ ಕೈಯಲ್ಲಿದ್ದುದು 0.7.1 ಎಂಬ ಕರಡು. ಕರಡಿಗೂ ಅಂತಿಮ ಪಾಠಕ್ಕೂ ಆಜ್ಞೆಗಳ ಸಂಖ್ಯಾರೂಪವೇ ಹಲವೆಡೆ ಬೇರೆಯಾಗಿದೆ. ಆದುದರಿಂದ ‘ವೆಕ್ಟರ್ ಉಂಟು’ ಎಂಬ ಕೈಪಿಡಿಯ ಮಾತು ನಿಜ, 1.0ಕ್ಕೆಂದು ಸಿದ್ಧಪಡಿಸಿದ ಪ್ರೋಗ್ರಾಮು ಅಲ್ಲಿ ನಡೆಯದೆಂಬುದೂ ನಿಜ. ಕಾಗದದಲ್ಲಿ ಬರೆದುದನ್ನು ಅಳಿಸಿ ತಿದ್ದಬಹುದು; ಸಿಲಿಕಾನಿನಲ್ಲಿ ಕೊರೆದುದನ್ನು ತಿದ್ದಲಾಗದು.

ಇದ್ದೂ ಇಲ್ಲದ ಕಡತ

ಇನ್ನೊಂದು ಒಗಟನ್ನು ಹೇಳಿ ಮುಂದೆ ಸಾಗುತ್ತೇನೆ. ಬೇರೊಂದು ರಿಸ್ಕ್-ಫೈವ್ ಲಿನಕ್ಸಿಗೆಂದು ಕಟ್ಟಿದ ಪ್ರೋಗ್ರಾಮನ್ನು ಡುವೊವಿಗೆ ನಕಲಿಸಿ ಓಡಿಸಿದರೆ, ಕೆಲವೊಮ್ಮೆ ‘ಕಡತ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಪಟ್ಟಿ ಮಾಡಿ ನೋಡಿದರೆ ಕಡತ ಕಣ್ಣೆದುರಿಗೇ ಇರುತ್ತದೆ! ಸಿಗದಿರುವುದು ಆ ಪ್ರೋಗ್ರಾಮಲ್ಲ. ಅದನ್ನು ಎತ್ತಿ ಮೆಮೊರಿಯಲ್ಲಿಟ್ಟು ಆರಂಭಿಸಿಕೊಡುವ ಸಹಾಯಕ ಪ್ರೋಗ್ರಾಮು. ಸಾಮಾನ್ಯ ಲಿನಕ್ಸುಗಳು ‘ಗ್ಲಿಬ್‌ಸಿ’ ಎಂಬ ಭಂಡಾರದ ಸಹಾಯಕನನ್ನು ಕರೆಯುತ್ತವೆ. ಡುವೊವಿನ ರಿಸ್ಕ್-ಫೈವ್ ಲಿನಕ್ಸಿನಲ್ಲಿರುವುದು ‘ಮಸಲ್’ ಎಂಬ ಪುಟ್ಟ ಭಂಡಾರ. ಮದುವೆಯ ಕಾಗದವು ಮನೆಗೆ ಬಂದಿದ್ದರೂ ಓದಿ ಹೇಳುವವನು ಊರಲ್ಲಿಲ್ಲದ ಹಾಗೆ. ಅದೇ ಭಂಡಾರವನ್ನು ಬಳಸಿ ಪ್ರೋಗ್ರಾಮನ್ನು ಮತ್ತೆ ಕಟ್ಟುವುದೇ ಇದಕ್ಕೆ ಪರಿಹಾರ.

ಓದುವ ಕ್ರಮ

ಹೀಗಿರಲಾಗಿ, ವಿದ್ಯಾರ್ಥಿಯು ಅನುಸರಿಸಬೇಕಾದ ಕ್ರಮವೇನು? ಮೊದಲನೆಯದಾಗಿ, ಕೈಪಿಡಿಯನ್ನು ತೆರೆಯುವ ಮುನ್ನ ಫಲಕವನ್ನು ಓದಬೇಕು. ಫಲಕದ ಮೇಲೂ ಚಿಪ್ಪಿನ ಮೇಲೂ ಅಚ್ಚಾಗಿರುವ ಅಕ್ಷರಗಳನ್ನು, ಬೇಕಾದರೆ ಭೂತಗನ್ನಡಿ ಹಿಡಿದು, ಇದ್ದಂತೆಯೇ ಬರೆದುಕೊಳ್ಳಬೇಕು. ಎರಡನೆಯದಾಗಿ, ಗಣಕವನ್ನೇ ಕೇಳಬೇಕು. ‘ಪ್ರಾಕ್’ ಎಂಬ ಕಡತಕೋಶದೊಳಗಿನ ‘ಸಿಪಿಯುಇನ್ಫೊ’ ಸಂಸ್ಕಾರಕವನ್ನು ಹೇಳುತ್ತದೆ. ‘ಡಿವೈಸ್-ಟ್ರೀ’ಯ ಕೆಳಗಿನ ‘ಮಾಡಲ್’ ಫಲಕದ ಹೆಸರನ್ನು ಹೇಳುತ್ತದೆ. ‘ಯುನೇಮ್’ ಆಜ್ಞೆಯು ಲಿನಕ್ಸಿನ ಆವೃತ್ತಿಯನ್ನು ಹೇಳುತ್ತದೆ. ಇಲ್ಲಿಯೂ ಒಂದು ಎಚ್ಚರ ಬೇಕು. ಡಿವೈಸ್-ಟ್ರೀ ಎಂಬುದು ಯಂತ್ರಾಂಶದ ವಿವರವನ್ನು ಲಿನಕ್ಸಿಗೆ ಒಪ್ಪಿಸುವ ಪಟ್ಟಿ. ಅದೂ ಮನುಷ್ಯರು ಬರೆದುದೇ. ಆದುದರಿಂದ ಅಚ್ಚಿನ ಅಕ್ಷರ, ಗಣಕದ ಉತ್ತರ, ಕೈಪಿಡಿ ಈ ಮೂರನ್ನೂ ಒಂದಕ್ಕೊಂದು ಹೋಲಿಸಿ ನೋಡಬೇಕು. ಮೂರನೆಯದಾಗಿ, ಮೂರರಲ್ಲಿ ಭೇದ ಕಂಡರೆ ಹೆದರದೆ, ಆ ಭೇದಕ್ಕೆ ಕಾರಣವನ್ನು ಹುಡುಕಬೇಕು. 64 ಮತ್ತು 28ರ ನಡುವಿನ ಅಂತರವನ್ನು ಹುಡುಕಿದವನಿಗೆ ಮೆಮೊರಿಯ ಹಂಚಿಕೆಯೆಂಬ ಒಂದು ಅಧ್ಯಾಯವೇ ಅರ್ಥವಾಗುತ್ತದೆ.

ನಾಲ್ಕನೆಯದು ನಮ್ಮ ಕರ್ತವ್ಯಕ್ಕೆ ಸೇರಿದ ಮಾತು. ಅಗ್ಗದ ಫಲಕಗಳ ಕೈಪಿಡಿ ಬರೆಯಲು ತಯಾರಕರು ಹೆಚ್ಚು ಜನರನ್ನು ಇಟ್ಟಿರುವುದಿಲ್ಲ. ಆ ಕೊರತೆಯನ್ನು ತುಂಬುವವರು ಬಳಸುವವರೇ. ನಾವು ಕಲಿತುದನ್ನು ನಮ್ಮ ನುಡಿಯಲ್ಲಿ ಬರೆದಿಡುವಾಗ ಮೊದಲ ಸಾಲಿನಲ್ಲಿ ಮೂರು ಸಂಗತಿಗಳಿರಲಿ: ಫಲಕದ ಪೂರ್ತಿ ಹೆಸರು, ಲಿನಕ್ಸಿನ ಆವೃತ್ತಿ, ಮಾಡಿ ನೋಡಿದ ದಿನಾಂಕ. ‘ಡುವೊವಿನ ದೀಪ 440’ ಎಂದು ಬರೆದರೆ ಅರ್ಧ ಸತ್ಯ. ‘64 ಮೆಗಾಬೈಟಿನ ಡುವೊ, ತಯಾರಕರ ಲಿನಕ್ಸ್ 5.10, ದೀಪ 440’ ಎಂದು ಬರೆದರೆ ಅದು ಪಾಠವಾಗುತ್ತದೆ.

ಅಷ್ಟು ಬರೆದಿದ್ದರೆ ವಿದ್ಯಾರ್ಥಿನಿಲಯದ ಆ ಹುಡುಗಿಯು ತನ್ನದು ಬೇರೆ ಪ್ರತಿಯೆಂದು ಕೂಡಲೇ ತಿಳಿದು, ತನ್ನ ಸಂಖ್ಯೆಯನ್ನು ಹುಡುಕಿಕೊಳ್ಳುತ್ತಿದ್ದಳು. ಪೆಟ್ಟಿಗೆ ಸೇರಿದ ಆ ಫಲಕ ಕೆಟ್ಟಿಲ್ಲ. 354 ಎಂದು ಬರೆದರೆ ಇಂದಿಗೂ ಅದರ ದೀಪ ಮಿನುಗುತ್ತದೆ.