ಎರೆ ಹೊಲ, ಗರಸು ದಾರಿ: ಯಾವ ಟೈರು?

ಸೈಕ್ಲೋಕ್ರಾಸ್ ಎಂದರೆ ಹುಲ್ಲು, ಕೆಸರು, ಮರಳು, ಮೆಟ್ಟಿಲು ಎಲ್ಲವನ್ನೂ ದಾಟುತ್ತ ಸಣ್ಣ ಸುತ್ತಿನಲ್ಲಿ ಸುಮಾರು ಒಂದು ತಾಸು ನಡೆಯುವ ರೇಸು. ಸೈಕಲ್ ನೋಡಲು ರೋಡ್ ರೇಸಿನದರಂತೆಯೇ ಇರುತ್ತದೆ, ಟೈರಿಗೆ ಮಾತ್ರ ಹಲ್ಲು. ಕೊಪ್ಪಳ ಜಿಲ್ಲೆಯ ನಾಲ್ಕು ಪತ್ರಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಸರ್, ಬೆಂಗಳೂರಿನ ಗೆಳೆಯನ ಕಡೆಯಿಂದ ಹಳೇ ಸೈಕ್ಲೋಕ್ರಾಸ್ ಸೈಕಲ್ ತಗೊಂಡೀನಿ. ಹೊಲದ ದಾರ್‍ಯಾಗ ಪ್ರಾಕ್ಟೀಸ್ ಮಾಡ್ತೀನಿ. ಬೇಸಿಗ್ಯಾಗ ತ್ರಾಸಿಲ್ಲ. ಮಳಿ ಬಂದ ಮರುದಿನ ಮಾತ್ರ ಗಾಲಿ ತಿರುಗೋದೇ ಇಲ್ಲ. ಕೆಸರಿನ ಟೈರ್ ಹಾಕಿದ್ರ ನಡೀತದೇನ್ರಿ?
– ಕಾಲೇಜು ವಿದ್ಯಾರ್ಥಿ, ಕುಷ್ಟಗಿ

ಉತ್ತರ: ಹಾಕಿದರೂ ನಡೆಯುವುದಿಲ್ಲ, ತಮ್ಮಾ. ಅಂಗಡಿಯಲ್ಲಿ ಸಿಗುವ ಕೆಸರಿನ ಟೈರು ಹುಟ್ಟಿದ್ದು ಬೆಲ್ಜಿಯಂ ಕಡೆಯ ಚಳಿಗಾಲದ ಕೆಸರಿಗೆ. ಅದರಲ್ಲಿ ನೀರು ಜಾಸ್ತಿ. ಹಲ್ಲು ಎತ್ತರವಾಗಿ, ದೂರದೂರ ಇದ್ದರೆ ಗಾಲಿ ತಿರುಗಿದ ಹಾಗೆ ಕೆಸರು ಸಿಡಿದು ಹೋಗುತ್ತದೆ. ನಿನ್ನೂರ ಎರೆ ಹಾಗಲ್ಲ. ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಅರ್ಧ ಆರಿದಾಗ ಎಲ್ಲಕ್ಕಿಂತ ಹೆಚ್ಚು ಅಂಟುತ್ತದೆ. ಮಳೆ ಸುರಿಯುವಾಗ ಹೇಗೋ ಹೋಗುವ ಸೈಕಲ್ ಮರುದಿನ ನಿಂತುಬಿಡುವುದು ಅದಕ್ಕೇ.

ಇಂಥ ಮಣ್ಣಿನಲ್ಲಿ ನೀನು ಮೊದಲು ನೋಡಬೇಕಾದದ್ದು ಟೈರಿನ ಹಲ್ಲನ್ನಲ್ಲ, ಟೈರಿಗೂ ಫೋರ್ಕಿಗೂ ನಡುವಿನ ಸಂದನ್ನು. ಅಗಲ ಟೈರು ಹಾಕಿದಷ್ಟೂ ಆ ಸಂದು ಕಿರಿದಾಗಿ ಬೇಗ ಮಣ್ಣು ಕಟ್ಟಿಕೊಳ್ಳುತ್ತದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ಸೈಕ್ಲೋಕ್ರಾಸ್ ಟೈರಿಗೆ 33 ಮಿ.ಮೀ. ಮಿತಿ ಹಾಕಿದೆ. ರೇಸಿಗೆ ಹೋಗದಿದ್ದರೂ ಎರೆಯಲ್ಲಿ ಆ ಮಿತಿ ದಾಟಬೇಡ. ಸಾಧ್ಯವಿದ್ದಲ್ಲಿ ಬದುವಿನ ಹುಲ್ಲಿನ ಮೇಲೇ ಹೋಗು. ಹುಲ್ಲೂ ಇಲ್ಲದಿದ್ದರೆ ಇಳಿದು, ಸೈಕಲ್ ಹೆಗಲಿಗೇರಿಸಿ ಓಡು. ಅದು ಸೋಲಲ್ಲ. 1902ರಲ್ಲಿ ಡ್ಯಾನಿಯೆಲ್ ಗೂಸೋ ಫ್ರಾನ್ಸಿನಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ಏರ್ಪಡಿಸಿದ ಕಾಲದಿಂದಲೂ ಹೊತ್ತು ಓಡುವುದು ಈ ಆಟದ ಅರ್ಧ ವಿದ್ಯೆ. ಅದನ್ನು ಕಲಿಯಲು ಹಸಿ ಎರೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಮಣ್ಣು ಮೆತ್ತಿದ ಮೇಲೂ ಪೆಡಲ್ ಒತ್ತುತ್ತ ಹೋದರೆ ಹಿಂದಿನ ಗೇರ್ ಬದಲಿಸುವ ಡಿರೇಲರ್ ಮುರಿದು ಕೈಗೆ ಬರುತ್ತದೆ, ಜೋಕೆ.

ವರ್ಷದ ಉಳಿದ ತಿಂಗಳಿಗೆ ಮುಂದೆ ಮಧ್ಯಮ ಹಲ್ಲಿನ ಟೈರು, ಹಿಂದೆ ಅರದ ಮೈಯಂತೆ ಸಣ್ಣ ಗೀರುಗಳಿರುವ ಫೈಲ್ ಟ್ರೆಡ್ ಟೈರು ಸಾಕು. ತಿರುವಿನಲ್ಲಿ ಮುಂದಿನ ಗಾಲಿ ಜಾರಿದರೆ ಬೀಳುವುದೇ ಗತಿ, ಹಿಂದಿನದು ಜಾರಿದರೆ ಸಂಭಾಳಿಸಬಹುದು. ಹಾಗಾಗಿ ಒಳ್ಳೆಯ ಟೈರು ಯಾವಾಗಲೂ ಮುಂದಕ್ಕೆ.

ಪ್ರಶ್ನೆ: ಆನೆಗುಂದಿ, ಸಾಣಾಪುರ ಕಡೆ ಬಂಡೆ, ಉಸುಕು, ಕಾಲುವೆ ದಂಡೆ ಮೂರೂ ಇವೆ. ಗಾಳಿ ಎಷ್ಟಿರಬೇಕು?
– ಗಂಗಾವತಿ

ಉತ್ತರ: ಪತ್ರ ಬರೆದವರಲ್ಲಿ ಗಾಳಿಯ ಬಗ್ಗೆ ಕೇಳಿದವರು ನೀವೊಬ್ಬರೇ. ನಿಜಕ್ಕೂ ಟೈರಿನ ಬ್ರ್ಯಾಂಡಿಗಿಂತ ಅದೇ ದೊಡ್ಡ ವಿಷಯ. ನಿಮ್ಮ ತೂಕ 65 ಕಿಲೋ ಆಸುಪಾಸು, ಟೈರು 33 ಮಿ.ಮೀ. ಟ್ಯೂಬ್‌ಲೆಸ್ ಎಂದಿಟ್ಟುಕೊಂಡರೆ ಒಣ ದಾರಿಗೆ ಮುಂದೆ 26, ಹಿಂದೆ 28 ಪಿಎಸ್‌ಐಯಿಂದ ಶುರು ಮಾಡಿ. ಹೊಳೆದಂಡೆಯ ಉಸುಕಿಗೆ ಇನ್ನೂ ಮೂರು ನಾಲ್ಕು ಇಳಿಸಿ. ಗಾಳಿ ಇಳಿದರೆ ಟೈರು ಅಗಲವಾಗಿ ಹರಡಿ ಉಸುಕಿನ ಮೇಲೆ ತೇಲುತ್ತದೆ. ಬೆಲ್ಜಿಯಂ ಕರಾವಳಿಯ ಕೊಕ್ಸೈಡೆಯಲ್ಲಿ 2012ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಮರಳು ದಿಬ್ಬಗಳ ಮೇಲೆಯೇ. ಅಂಥ ಕಡೆ ದೊಡ್ಡ ಹಲ್ಲು ಮರಳನ್ನು ಅಗೆಯುತ್ತದೆ, ಸಣ್ಣ ಗೀರಿನ ಟೈರೇ ಮೇಲು.

ನಿಮ್ಮದು ಟ್ಯೂಬಿನ ಟೈರಾದರೆ ಈ ಲೆಕ್ಕ ಬೇಡ. ಗಾಳಿ ಕಡಿಮೆಯಿದ್ದು ಬಂಡೆಯಂಚಿಗೆ ಬಡಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಪಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತವೆ. 35ರಿಂದ 40 ಇರಲಿ. ಕಾಲುವೆ ದಂಡೆಗೂ ಅದೇ ಸಾಕು.

ಪ್ರಶ್ನೆ: ಮಗ ದಿನಾ ಪಂಚರ್ ಮಾಡಿಕೊಂಡು ಬರ್ತಾನ್ರಿ. ದೊಡ್ಡ ರೇಸಿನವರು ಹಾಕುವ ಟ್ಯೂಬ್ಯುಲರ್ ಟೈರ್ ಬೇಕಂತಾನ. ಕೊಡಿಸಬೇಕೇನ್ರಿ?
– ಒಬ್ಬ ತಾಯಿ, ಕೊಪ್ಪಳ

ಉತ್ತರ: ಬೇಡ, ಅಕ್ಕಾವ್ರೆ. ಟ್ಯೂಬ್ಯುಲರ್ ಎಂದರೆ ಟ್ಯೂಬನ್ನು ಒಳಗಿಟ್ಟು ಹೊಲಿದು, ರಿಮ್ಮಿಗೆ ಅಂಟಿನಿಂದ ಕೂಡಿಸಿದ ಟೈರು. ಬಹಳ ಕಡಿಮೆ ಗಾಳಿಯಲ್ಲೂ ಚೆನ್ನಾಗಿ ಓಡುತ್ತದೆ, ನಿಜ. ಆದರೆ ಯುರೋಪಿನ ರೇಸುಗಾರನಿಗೆ ಪಿಟ್‌ನಲ್ಲಿ ಇನ್ನೊಂದು ಸೈಕಲ್ ಹಿಡಿದು ನಿಂತವರಿರುತ್ತಾರೆ. ನಿಮ್ಮ ಮಗನ ದಾರಿಯಲ್ಲಿರುವುದು ಬಳ್ಳಾರಿ ಜಾಲಿ ಮತ್ತು ನೆಗ್ಗಿಲು ಮುಳ್ಳು. ಒಂದು ಮುಳ್ಳು ಹೊಕ್ಕರೆ ಆ ಹೊಲಿಗೆ ಬಿಚ್ಚಿ ಪ್ಯಾಚ್ ಹಾಕಿ ಮತ್ತೆ ಹೊಲಿಯಬೇಕು.

ಅವನ ರಿಮ್ಮು ಟ್ಯೂಬ್‌ಲೆಸ್‌ಗೆ ಒಗ್ಗುವುದಾದರೆ ಟ್ಯೂಬ್‌ಲೆಸ್ ಟೈರು ಹಾಕಿಸಿ, ಒಳಗೆ ಸೀಲಂಟ್ ಹಾಲು ತುಂಬಿಸಿ. ಮುಳ್ಳು ಕಿತ್ತು ಗಾಲಿ ತಿರುಗಿಸಿದರೆ ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮ ಬಿಸಿಲಿಗೆ ಆ ಹಾಲು ಬೇಗ ಒಣಗುತ್ತದೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡಬೇಕು. ಒಗ್ಗದಿದ್ದರೆ ಟ್ಯೂಬಿನೊಳಕ್ಕೇ ಸೀಲಂಟ್ ಹಾಕಿಸಬಹುದು. ಪ್ರತಿ ಪಂಚರ್ ಆದ ಮೇಲೆ ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ ನೋಡಲು ಹೇಳಿ. ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದು ಹೊಸ ಟ್ಯೂಬನ್ನೂ ಚುಚ್ಚುತ್ತದೆ. ದಿನಾ ಪಂಚರ್ ಎಂದಿರಲ್ಲ, ನನಗೆ ಮೊದಲ ಅನುಮಾನ ಅದರ ಮೇಲೆಯೇ.

ಇನ್ನೊಂದು ಮಾತು. ಅವನಿಗೆ ವಿಜಯಪುರ, ಬಾಗಲಕೋಟೆಯ ಸೈಕ್ಲಿಂಗ್ ಕ್ರೀಡಾ ನಿಲಯಗಳ ಆಸೆಯಿದ್ದರೆ ಅಲ್ಲಿಯ ಹುಡುಗರು ಹೆಚ್ಚಾಗಿ ಓಡಿಸುವುದು ರೋಡ್ ಮತ್ತು ಮೌಂಟೇನ್ ಬೈಕ್. ಸೈಕ್ಲೋಕ್ರಾಸ್‌ನಲ್ಲಿ ಕಲಿತ ತಿರುವು, ಬ್ಯಾಲೆನ್ಸ್ ಎರಡಕ್ಕೂ ಬರುತ್ತದೆ. ಟ್ಯೂಬ್ಯುಲರ್‌ಗೆ ಹಾಕಿದ ದುಡ್ಡು ಬರುವುದಿಲ್ಲ.

ಪ್ರಶ್ನೆ: ನಮ್ಮ ಹೈಸ್ಕೂಲ್ ಮಕ್ಕಳಿಗೆ ಸಾದಾ ಸೈಕಲ್‌ಗಳಲ್ಲೇ ಇಂಥ ರೇಸು ಮಾಡಿಸಬಹುದೇ? ಹೊಸ ಟೈರು ಬೇಕೇ?
– ದೈಹಿಕ ಶಿಕ್ಷಣ ಶಿಕ್ಷಕರು, ಯಲಬುರ್ಗಾ

ಉತ್ತರ: ಖಂಡಿತ ಮಾಡಿಸಿ, ಮಾಸ್ತರರೇ. ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಹೊಸ ಟೈರು ಬೇಡ. ದೊಡ್ಡ ಸಾದಾ ಸೈಕಲ್ಲಿನ 28 × 1½ ಇಂಚಿನ ಟೈರು ಸುಮಾರು 38 ಮಿ.ಮೀ. ಅಗಲ, ವಿಶ್ವ ಚಾಂಪಿಯನ್ನರ ಟೈರಿಗಿಂತ ಅಗಲವಾದದ್ದು. ಗರಸು ನೆಲಕ್ಕೂ ಮಸಾರಿಗೂ ಅದು ಚೆನ್ನಾಗಿ ಹೊಂದುತ್ತದೆ. ಪಂಚರ್ ಅಂಗಡಿಯ ಕಂಪ್ರೆಸರ್‌ನಿಂದ ಕಲ್ಲಿನ ಹಾಗೆ ಗಾಳಿ ತುಂಬಿಸಬೇಡಿ, ಹೆಬ್ಬೆರಳಿಂದ ಬಲವಾಗಿ ಒತ್ತಿದರೆ ತುಸು ತಗ್ಗುವಷ್ಟಿರಲಿ. ಬಟ್ಟೆ ಕಾಣುವಷ್ಟು ಸವೆದ ಟೈರಿದ್ದರೆ ಆ ಸೈಕಲ್ ಬಿಡಬೇಡಿ.

ದೊಡ್ಡವರ ರೇಸಿನಲ್ಲಿ ಸೈಕಲ್ ಎತ್ತಿಕೊಂಡು ದಾಟುವ ಅಡ್ಡಹಲಗೆ 40 ಸೆಂ.ಮೀ. ಎತ್ತರದ ತನಕ ಇರುತ್ತದೆ. ಸಾದಾ ಸೈಕಲ್ ಭಾರ, ಮಕ್ಕಳ ತೋಳು ಸಣ್ಣದು, ನೀವು 15 ದಾಟಬೇಡಿ. ಕಿಲೋಮೀಟರಿನ ಒಂದು ಸುತ್ತು, ಅದರಲ್ಲಿ ಒಂದು ಕಡೆ ಇಳಿದು ತಳ್ಳುವ ಏರು, ಒಟ್ಟು ಹದಿನೈದು ನಿಮಿಷ. ಸುತ್ತನ್ನು ಹಿಂದಿನ ದಿನವೇ ನಡೆದು ನೋಡಿ ಜಾಲಿ ಕಂಟಿ ಕಡಿಸಿ. ಕಡಿದ ಟೊಂಗೆಗಳನ್ನು ಅಲ್ಲಿ ಬಿಡದೆ ದೂರ ಸಾಗಿಸಿ, ಒಣಗಿದ ಮುಳ್ಳು ಹಸಿಯದಕ್ಕಿಂತ ಕೆಟ್ಟದ್ದು. ಪಂಪು, ಪ್ಯಾಚು, ಸೊಲ್ಯೂಷನ್ ಡಬ್ಬಿ ಹಿಡಿದು ಸುತ್ತಿನ ನಡುವೆ ಕೂರಲು ಊರಿನ ಪಂಚರ್ ಅಂಗಡಿಯವರನ್ನು ಕರೆಯಿರಿ. ಎರೆ ಹಸಿಯಿದ್ದರೆ ರೇಸನ್ನು ಮುಂದಿನ ವಾರಕ್ಕೆ ಹಾಕಿ.